ಮದ್ದು ಹಾಕಿದ ಪಂಪಮ್ಮ

ಪಂಪಮ್ಮ ದೊಡ್ಡ ಮನಸ್ಸಿನವಳು, ಎಲ್ಲರನ್ನೂ ಕ್ಷಮಿಸಿದಳು ಎಂದು ಬರೆಯಲು ನಾನು ಕೂತಿಲ್ಲ. ಅವಳು ಯಾರನ್ನೂ ಕ್ಷಮಿಸಲಿಲ್ಲ. ಹೊಸಹಳ್ಳಿಯ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಟೀಚರಾಗಿದ್ದೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳ ಸೇಡು ಹುಟ್ಟಿದ್ದನ್ನೂ ಬೆಳೆದದ್ದನ್ನೂ ಹತ್ತಿರದಿಂದ ನೋಡಿದ್ದೇನೆ. ನನಗೆ ಅದು ಇವತ್ತಿಗೂ ತಪ್ಪು ಅನಿಸಿಲ್ಲ.

ಅವಳ ಗಂಡ ಯರ್ರಿಸ್ವಾಮಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವವನು. ವೈಂಡಿಂಗ್ ಯರ್ರಿಸ್ವಾಮಿ ಎಂದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. ಅವನ ಅಣ್ಣ ಬೊಮ್ಮಯ್ಯ ಸಾರಾಯಿ ಅಂಗಡಿಯ ಗಲ್ಲೆಯ ಹಿಂದೆ ದುಡ್ಡು ಎಣಿಸುತ್ತಾ ಕೂರುತ್ತಿದ್ದ. ಪ್ಯಾಕೆಟ್ ಸಾರಾಯಿ ಇನ್ನೂ ಬಂದ್ ಆಗಿರದ ಕಾಲ ಅದು. ತಮ್ಮನಿಗೆ ಮೊದಲ ಪ್ಯಾಕೆಟ್ಟಿನ ಮೂಲೆ ಕಚ್ಚಿ ಕೊಟ್ಟವನೇ ಈ ಅಣ್ಣ. "ದಿನಾ ಕುಂತು ಕುಂತು ಸೊಂಟ ಹಿಡದಿರ್ತೈತಿ, ತಗೋಲೇ," ಎಂದು ನಗುತ್ತಾ ಕೊಟ್ಟಿದ್ದನಂತೆ. ಮೂರು ವರ್ಷದಲ್ಲಿ ಯರ್ರಿಸ್ವಾಮಿಯ ಕೈ ಎಷ್ಟು ನಡುಗತೊಡಗಿತೆಂದರೆ ತಂತಿ ಹಿಡಿಯಲಾಗದೆ ಅಂಗಡಿಗೆ ಬೀಗ ಬಿತ್ತು. ಕುಡಿಯದ ದಿನ ಗೋಡೆಯ ತುಂಬ ಇರುವೆ ಹರಿದಂತೆ ಕಾಣುತ್ತಿತ್ತು, ಯಾರೋ ಬೈದಂತೆ ಕೇಳುತ್ತಿತ್ತು. ಕುಡಿದ ದಿನ ಮೂಲೆಯಲ್ಲಿ ಕೂತು ಅಳುತ್ತಿದ್ದ, ಸಾಯುತ್ತೇನೆ ಎನ್ನುತ್ತಿದ್ದ.

ಸ್ವಂತ ತಮ್ಮನಿಗೇ ಕುಡಿಸಿ ಹಾಳು ಮಾಡಿದ ಎಂದು ಊರು ಬೊಮ್ಮಯ್ಯನ ಕಡೆ ನೋಡತೊಡಗಿತು. ಆಗ ಆ ಮನುಷ್ಯ ಒಂದು ಮಾತು ತೇಲಿಬಿಟ್ಟ.

"ಸಾರಾಯಿ ಕುಡದ್ರ ಯಾರಿಗನ್ನಾ ಹುಚ್ಚು ಹಿಡೀತೈತೇನ್ರಿ? ಪಂಪಿ ಮದ್ದು ಹಾಕ್ಯಾಳ."

ನಮ್ಮ ಕಡೆ ದವಾಖಾನೆಯಲ್ಲಿ ಕೊಡುವುದು ಗುಳಿಗೆ, ಔಷಧಿ. ಮದ್ದು ಅಂದರೆ ಬೇರೆ. ಗಂಡನನ್ನು ಕೈವಶ ಮಾಡಿಕೊಳ್ಳಲು ಹೆಂಡತಿ ಅನ್ನದಲ್ಲಿ ಬೆರೆಸಿ ಹಾಕುವ ವಿಷ ಅದು. ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಳಗೊಳಗೇ ತಿನ್ನುತ್ತದೆ ಎಂದು ನಂಬುತ್ತಾರೆ. ಅದನ್ನು ಕಕ್ಕಿಸಿ ತೆಗೆಯುವವರೂ ಇದ್ದಾರೆ. ಬೊಮ್ಮಯ್ಯ ತಮ್ಮನನ್ನು ಹರಪನಹಳ್ಳಿ ಕಡೆಯ ಅಂಥವನೊಬ್ಬನ ಹತ್ತಿರ ಕರೆದುಕೊಂಡು ಹೋದ. ಏನೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿದರು. ಕೂದಲು ಸುತ್ತಿಕೊಂಡ ಒಂದು ಕರಿ ಉಂಡೆಯನ್ನು ಮುತ್ತುಗದ ಎಲೆಯಲ್ಲಿಟ್ಟು ತಂದು ಬೊಮ್ಮಯ್ಯ ಕೇರಿಗೆಲ್ಲ ತೋರಿಸಿದ. ಅದು ಅವನೇ ಮೊದಲು ಜೇಬಿನಲ್ಲಿಟ್ಟುಕೊಂಡು ಹೋದ ಉಂಡೆ ಎಂಬುದು ಎಷ್ಟೋ ವರ್ಷದ ಮೇಲೆ, ಬೊಮ್ಮಯ್ಯನ ಹೆಂಡತಿಯ ಬಾಯಿಂದಲೇ ಹೊರಬಂತು.

ಪಂಪಮ್ಮ ಕಡಕ್ ರೊಟ್ಟಿ ಬಡಿದು ಮದುವೆ ಮನೆಗಳಿಗೆ, ಹಾಸ್ಟೆಲ್ಲಿಗೆ ಕೊಟ್ಟು ಸಂಸಾರ ನಡೆಸುತ್ತಿದ್ದಳು. ಒಂದೇ ವಾರದಲ್ಲಿ ರೊಟ್ಟಿ ಕೇಳುವವರು ಇಲ್ಲವಾದರು. ಅವಳ ಮನೆಯಲ್ಲಿ ಯಾರೂ ಒಂದು ಚೊಂಬು ನೀರು ಕುಡಿಯಲಿಲ್ಲ. ಅವಳ ಮಗಳು ಭಾಗ್ಯ ನನ್ನ ಮೂರನೇ ತರಗತಿಯಲ್ಲಿದ್ದಳು. ಮಧ್ಯಾಹ್ನ ಅವಳು ಡಬ್ಬಿ ತೆರೆದರೆ ಉಳಿದ ಹುಡುಗಿಯರು ಎದ್ದು ಬೇರೆ ಕಡೆ ಕೂರುತ್ತಿದ್ದರು. ಪಂಪಮ್ಮ ಅತ್ತಳು, ಆಣೆ ಇಟ್ಟಳು, ಗುಡಿಯ ಮುಂದೆ ನಿಂತು ಕಿರುಚಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅಳುವುದನ್ನು ನಿಲ್ಲಿಸಿದಳು.

"ಬೊಮ್ಮಯ್ಯ ನಾಕು ಮಂದಿ ನಡುವ ಕುಂತು ನನ್ನ ಕೈಯಾಗಿನ ಊಟ ಉಣ್ಣಬೇಕು ಟೀಚರ್. ಅಲ್ಲೀತನ ನಾ ಸಾಯಾಕಿ ಅಲ್ಲ," ಎಂದಳು. ಅಷ್ಟೇ ಅವಳಿಗೆ ಬೇಕಿದ್ದದ್ದು.

ಒಂದು ದಿನ ಯರ್ರಿಸ್ವಾಮಿ ಬಾವಿಯ ಕಟ್ಟೆ ಹತ್ತಿ ನಿಂತ. ಜನ ಹಿಡಿದು ಕೂಡ್ಲಿಗಿ ಆಸ್ಪತ್ರೆಗೆ ಹಾಕಿದರು. ಒಂದು ವಾರ ಅಲ್ಲೇ ಮಲಗಿಸಿ ನಡುಕ ಇಳಿಸಿದ ಮೇಲೆ ಡಾಕ್ಟರು, ಇದು ಎರಡು ಕಾಯಿಲೆ ಒಟ್ಟಿಗೆ ಸೇರಿಕೊಂಡದ್ದು, ಕುಡಿತದ್ದೊಂದು ಮನಸ್ಸಿನದ್ದೊಂದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ನೋಡಿದರೆ ಎರಡೂ ವಾಪಸು ಬರುತ್ತವೆ ಎಂದರು. ಮೂರು ದಾರಿ ಹೇಳಿದರು. ದೂರದ ದೊಡ್ಡ ಆಸ್ಪತ್ರೆಯಲ್ಲಿ ಮೂರು ತಿಂಗಳು ಒಳಗೇ ಇಡುವುದು. ಹಡಗಲಿಯಲ್ಲಿ ಹತ್ತು ದಿನದ ಕುಡಿತ ಬಿಡಿಸುವ ಶಿಬಿರ, ಆದರೆ ಅಲ್ಲಿ ಮನಸ್ಸಿಗೆ ನೋಡುವವರಿಲ್ಲ. ಇಲ್ಲವೇ ಕೊಟ್ಟೂರಿನಲ್ಲಿ ಒಂದು ಟ್ರಸ್ಟಿನವರು ಹೊಸದಾಗಿ ತೆರೆದ ಹಗಲು ಕೇಂದ್ರ: ಬೆಳಿಗ್ಗೆ ಹೋಗಬೇಕು, ಗುಳಿಗೆ, ಮಾತುಕತೆ, ಕೈಕೆಲಸ ಎಲ್ಲ ಮುಗಿಸಿ ಸಂಜೆ ಮನೆಗೆ ಬರಬೇಕು. ಮನೆಯಲ್ಲಿ ಗಟ್ಟಿ ಜನ ಇದ್ದರೆ ಮಾತ್ರ ಅದು ಆಗುತ್ತದೆ ಎಂದೂ ಹೇಳಿದರು.

ಬೊಮ್ಮಯ್ಯ ತಕ್ಷಣ ಬಾಯಿ ಹಾಕಿದ. "ದೂರದ್ದಕ್ಕ ಸೇರ್ಸೂನ್ರಿ ಡಾಕ್ಟ್ರ, ನಾನಾ ಕರ್ಕೊಂಡು ಹೊಕ್ಕೀನಿ. ಈಕಿ ಕೈ ಊಟ ತಪ್ಪಿದ್ರ ತಾನಾ ಅರಾಮಾಕ್ಕಾನ."

ಆ ಮಾತಿಗೇ ಪಂಪಮ್ಮನ ಆಯ್ಕೆ ಮುಗಿಯಿತು. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ನನ್ನ ಕೈ ಹಿಡಿದು ಹೇಳಿದಳು: "ದೂರ ಹೋಗಿ ಅರಾಮಾಗಿ ಬಂದ್ರ ಏನಂತಾರ? ಮದ್ದು ಹಾಕಾಕಿ ದೂರ ಆದ್ಲು, ಅದಕ್ಕ ಗುಣ ಆತು ಅಂತಾರ. ಇವ್ನು ದಿನಾ ನನ್ನ ರೊಟ್ಟಿ ತಿಂದು, ಇದಾ ಊರಾಗಿದ್ದು ಅರಾಮಾಗಬೇಕು. ಕೊಟ್ಟೂರಾ ಆಗ್ಲಿ."

ಒಂದು ಜೀವ ಉಳಿಸುವ ಚಿಕಿತ್ಸೆಯನ್ನು ಹೀಗೂ ಆರಿಸುತ್ತಾರೆಯೇ ಎಂದು ಯಾರಾದರೂ ಕೇಳಬಹುದು. ಕೇಂದ್ರದಲ್ಲಿ ರೋಗಿಗಳ ಜೊತೆ ಕೂತು ಮಾತಾಡುವ ಖುಷ್ನುಮಾ ಎಂಬಾಕೆ ಮೊದಲ ದಿನವೇ ಕೇಳಿದಳು. "ಅಕ್ಕಾ, ನೀವು ಇವ್ರನ್ನ ಗುಣ ಮಾಡ್ಸಾಕ ಬಂದೀರೋ, ಯಾರ ಮ್ಯಾಗೋ ಹಗಿ ತೀರಿಸ್ಕಳ್ಳಾಕ ಬಂದೀರೋ?"

"ಎಲ್ಡೂ ಒಂದಾ ಬಸ್ಸಿಗೆ ಹೊಕ್ಕಾವಮ್ಮ," ಎಂದಳು ಪಂಪಮ್ಮ.

ಹೊಸಹಳ್ಳಿಯಿಂದ ಕೂಡ್ಲಿಗಿ, ಅಲ್ಲಿ ಬಸ್ಸು ಬದಲಿಸಿ ಕೊಟ್ಟೂರು. ಗಂಡನ ಪಕ್ಕದಲ್ಲಿ ದಿನಾ ಕೂತು ಹೋದಳು. ಕೇಂದ್ರದಲ್ಲಿ ಮಧ್ಯಾಹ್ನ ಎಲ್ಲರಿಗೂ ಅನ್ನ ಸಾರು ಹಾಕುತ್ತಿದ್ದರು. ಪಂಪಮ್ಮ ಅದನ್ನು ಗಂಡನಿಗೆ ಮುಟ್ಟಗೊಡಲಿಲ್ಲ, ಬೆಳಿಗ್ಗೆಯೇ ಎದ್ದು ಕಟ್ಟಿದ ತನ್ನ ಡಬ್ಬಿಯನ್ನೇ ಬಿಚ್ಚುತ್ತಿದ್ದಳು.

ಎರಡನೇ ವಾರ ಎಲ್ಲ ಕೆಡುವುದರಲ್ಲಿತ್ತು. ಮನೆಯವರನ್ನೆಲ್ಲ ಕೂರಿಸಿ ಮಾತಾಡುವ ದಿನ. ಬೊಮ್ಮಯ್ಯನೂ ಬಂದಿದ್ದ. ಶನಿವಾರವಾದ್ದರಿಂದ ಶಾಲೆ ಮುಗಿಸಿ ನಾನೂ ಹೋಗಿದ್ದೆ. ಕೇಂದ್ರದ ಡಾಕ್ಟರು ಉಡುಪಿ ಕಡೆಯವರು, ಒಳ್ಳೆಯ ಮನುಷ್ಯ, ನಮ್ಮ ಕಡೆಯ ಮಾತು ಇನ್ನೂ ಹಿಡಿತಕ್ಕೆ ಸಿಕ್ಕಿರಲಿಲ್ಲ. ಎಲ್ಲರ ಮುಂದೆ ನಗುನಗುತ್ತಾ ಹೇಳಿದರು: "ಇವರು ಹುಷಾರಾಗ್ತಾ ಇದ್ದಾರೆ. ಯಾಕೆ ಅಂದ್ರೆ ಹೆಂಡತಿ ಒಂದು ದಿನವೂ ತಪ್ಪಿಸದೆ ಮದ್ದು ಕೊಡ್ತಾ ಇದ್ದಾರೆ."

ಅವರ ಸೀಮೆಯಲ್ಲಿ ಮದ್ದು ಅಂದರೆ ಬರೀ ಔಷಧಿ. ನಮ್ಮವರಿಗೆ ಅದೆಲ್ಲಿ ಗೊತ್ತು? ಬೊಮ್ಮಯ್ಯ ಕುರ್ಚಿಯಿಂದ ನೆಗೆದು ಎದ್ದ. "ಕೇಳಿದ್ರಾ, ಕೇಳಿದ್ರಾ! ಡಾಕ್ಟ್ರ ಬಾಯಾಗಾ ಬಂತು!" ನಾನು ಎದ್ದು ಬಿಡಿಸಿ ಹೇಳಿದೆ, ಖುಷ್ನುಮಾ ಹೇಳಿದಳು, ಪಾಪ ಡಾಕ್ಟರು ಬೆವರುತ್ತಾ ಮೂರು ಸಲ ಹೇಳಿದರು. ಬೊಮ್ಮಯ್ಯ ಆಗಲೇ ಬಸ್ ಸ್ಟ್ಯಾಂಡಿನಲ್ಲಿದ್ದ. ಸಂಜೆಯೊಳಗೆ ಹೊಸಹಳ್ಳಿಗೆಲ್ಲ ಸುದ್ದಿ.

ಅದಕ್ಕಿಂತ ಕೆಟ್ಟದ್ದು ಸೋಮವಾರ ಕೇಂದ್ರದಲ್ಲಿ ಆಯಿತು. ಯರ್ರಿಸ್ವಾಮಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ನನಗ ಬ್ಯಾಡ," ಎಂದ. ಅವಳ ಕಡೆ ನೋಡಲಿಲ್ಲ. ಕೇರಿ ಬಿಟ್ಟಿತ್ತು, ನೆಂಟರು ಬಿಟ್ಟಿದ್ದರು, ಈಗ ಯಾರಿಗಾಗಿ ಬಸ್ಸು ಹತ್ತುತ್ತಿದ್ದಳೋ ಅವನೇ ಬಿಟ್ಟ. ಆ ದಿನ ಅವಳ ಮುಖ ನೋಡಿದ್ದರೆ ಕಲ್ಲಿಗೂ ಸಿಟ್ಟು ಬರುತ್ತಿತ್ತು ಎಂದು ಖುಷ್ನುಮಾ ನನಗೆ ಹೇಳಿದಳು.

ಮರುದಿನ ಪಂಪಮ್ಮ ಕೇಂದ್ರದ ಊಟದ ಕೋಣೆಯ ನಡುವೆ, ಅಷ್ಟೂ ರೋಗಿಗಳ ಎದುರು ಡಬ್ಬಿ ಬಿಚ್ಚಿ ತಾನೇ ಉಣ್ಣತೊಡಗಿದಳು. ಗಂಡ ಉಂಡ ಮೇಲೆ ಉಳಿದದ್ದನ್ನು ಉಂಡು ಬಾಳಿದ ಹೆಂಗಸು! ಎಲ್ಲದರಲ್ಲೂ ಅರ್ಧ ತಿಂದು, ಉಳಿದ ಅರ್ಧವನ್ನು ಅವನ ಕಡೆ ತಳ್ಳಿದಳು. ಅವನು ಮುಟ್ಟಲಿಲ್ಲ. ಹೀಗೆ ನಾಲ್ಕು ದಿನ. ಐದನೆಯ ದಿನ ಅವಳು ಕಚ್ಚಿದ ರೊಟ್ಟಿಯ ಇನ್ನೊಂದು ತುದಿಯನ್ನು ಯರ್ರಿಸ್ವಾಮಿ ಮುರಿದುಕೊಂಡ. "ಖಾರ ಭಾಳ ಆಗೇತಿ," ಎಂದ.

ಎಂಟು ತಿಂಗಳು. ನಡುವೆ ಒಮ್ಮೆ ಜಾರಿದ, ಎರಡು ದಿನ ಕುಡಿದ. ಮತ್ತೆ ಮೊದಲಿಂದ ಶುರು ಮಾಡೋಣ ಎಂದಳು ಖುಷ್ನುಮಾ, ಬೈಯಲಿಲ್ಲ. ಬೈಯುವ ಕೆಲಸ ಪಂಪಮ್ಮ ಮಾಡಿದಳು, ಆಮೇಲೆ ಡಬ್ಬಿ ಕಟ್ಟಿದಳು. ಗೋಡೆಯ ಮೇಲಿನ ಇರುವೆ ಹೋದವು, ನಿದ್ದೆ ಬಂತು. ಕೇಂದ್ರದಲ್ಲಿ ಒಂದು ಹಳೆ ಫ್ಯಾನಿನ ಮೋಟಾರಿಗೆ ತಂತಿ ಸುತ್ತಲು ಕೊಟ್ಟರು. ಕೈಯ ನಡುಕ ನಿಂತಿತು. ದಿನಾ ಸಂಜೆ ಸಾರಾಯಿ ಅಂಗಡಿಯ ಮುಂದೆಯೇ ಅವನನ್ನು ನಡೆಸಿಕೊಂಡು ಬರುತ್ತಿದ್ದಳು. ಸುತ್ತು ಹಾಕಿ ಹೋಗಿ ಎಂದು ಕೇಂದ್ರದವರು ಎಷ್ಟು ಹೇಳಿದರೂ ಕೇಳಲಿಲ್ಲ. ಬೊಮ್ಮಯ್ಯ ಗಲ್ಲೆಯ ಹಿಂದಿನಿಂದ ನೋಡಬೇಕಿತ್ತು, ಅಷ್ಟೇ.

ವೈಂಡಿಂಗ್ ಅಂಗಡಿಯ ಬೀಗ ತೆಗೆದ ದಿನ ಊರಿಗೆಲ್ಲ ಊಟ ಇಟ್ಟಳು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ರೊಟ್ಟಿ. ಕೊಟ್ಟೂರಿನ ಡಾಕ್ಟರು, ಖುಷ್ನುಮಾ, ಊರ ಹಿರಿಯರು ಎಲ್ಲ ಬಂದರು. ಗಂಡ ಕಣ್ಣೆದುರು ಗುಂಡುಕಲ್ಲಿನಂತೆ ನಿಂತಿರುವಾಗ ಮದ್ದಿನ ಮಾತು ಆಡಲು ಯಾರಿಗೂ ಬಾಯಿ ಇರಲಿಲ್ಲ. ಬೊಮ್ಮಯ್ಯನ ಮನೆಗೆ ಅವಳೇ ಕುಂಕುಮ ಹಿಡಿದು ಹೋಗಿ ಕರೆದಿದ್ದಳು. ತಮ್ಮನ ಅಂಗಡಿಯ ಊಟಕ್ಕೆ ಅಣ್ಣ ಬಾರದಿದ್ದರೆ ಹೇಗೆ ಎಂದು ಹಿರಿಯರೇ ಅವನನ್ನು ಎಳೆದು ಪಂಕ್ತಿಯಲ್ಲಿ ಕೂರಿಸಿದರು. ಎಲ್ಲರೂ ಉಂಡರು, ಅವನೂ ಉಂಡ. ಎರಡು ಹೋಳಿಗೆ ತಿಂದ.

ಮಜ್ಜಿಗೆ ಬಡಿಸುವಾಗ ನಾನು ಅವಳ ಹಿಂದೆ ಬಿಂದಿಗೆ ಹಿಡಿದು ನಿಂತಿದ್ದೆ. ಪಂಪಮ್ಮ ಬೊಮ್ಮಯ್ಯನ ಎಲೆಯ ಮೇಲೆ ಬಗ್ಗಿ, ಸೆರಗು ಸರಿಮಾಡಿಕೊಂಡು, ಅವನಿಗೂ ನನಗೂ ಅಷ್ಟೇ ಕೇಳುವಂತೆ ಹೇಳಿದಳು:

"ಈ ಸಲ ಖರೇನಾ ಹಾಕೀನ್ರಿ ಭಾವಾರ."

ಬೊಮ್ಮಯ್ಯನ ಕೈ ಎಲೆಯ ಮೇಲೇ ನಿಂತಿತು. ಕೂಗಿದರೆ ನಂಬುವವರು ಯಾರು? ಎಂಟು ತಿಂಗಳು ಅದೇ ಕೈಯಲ್ಲಿ ಉಂಡ ತಮ್ಮ ಪಕ್ಕದಲ್ಲೇ ಕೂತು ಇನ್ನೊಂದು ಸಲ ಸಾರು ಹಾಕಿಸಿಕೊಳ್ಳುತ್ತಿದ್ದ. ಬೊಮ್ಮಯ್ಯ ಕೈತೊಳೆಯದೆ ಎದ್ದು ಹೋದ.

ಆಮೇಲೆ ಅವನ ಹೊಟ್ಟೆಯಲ್ಲಿ ಅನ್ನ ನಿಲ್ಲಲಿಲ್ಲ. ಮನೆಯಲ್ಲಿ ಹೆಂಡತಿ ಹಾಕಿದ್ದನ್ನೂ ಮೂಸಿ ನೋಡಿ ಬಿಡುತ್ತಿದ್ದ. ಎರಡು ತಿಂಗಳಲ್ಲಿ ಅಂಗಿ ಗೂಟಕ್ಕೆ ತೂಗುಹಾಕಿದಂತೆ ಆಯಿತು. ಒಂದು ಮಧ್ಯಾಹ್ನ ಬಂದು ಪಂಪಮ್ಮನ ಕಟ್ಟೆಯ ಮೇಲೆ ಕೂತ. "ತಗದುಬಿಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದ. ನನಗೇ ನೋಡಲಾಗಲಿಲ್ಲ. ಒಳಗೆ ಹೋಗಿ ಅವಳಿಗೆ ಹೇಳಿದೆ.

"ಸಾಕ್ ಮಾಡವಾ ಪಂಪಮ್ಮ. ಏನೂ ಹಾಕಿಲ್ಲಂತ ಹೇಳಿಬಿಡು."

"ನಾ ಎಷ್ಟು ಸಲ ಹೇಳಿದ್ನಲ್ರಿ, ಏನೂ ಹಾಕಿಲ್ಲಂತ. ನೀವಾರ ನಂಬಿದ್ರೇನು? ಆ ವರ್ಷ ಗೋಡಿ ಮ್ಯಾಲಿಂದ ಕೊಟ್ಟ ಹೋಳಿಗಿ ತಿಂದ್ರೇನು ಟೀಚರ್?"

ನಾನು ತಿಂದಿರಲಿಲ್ಲ. ಹಿತ್ತಲಿನ ಎಮ್ಮೆಗೆ ಹಾಕಿದ್ದೆ. ಅದು ಅವಳಿಗೆ ಗೊತ್ತಿತ್ತೆಂದು ಆ ದಿನವೇ ನನಗೆ ತಿಳಿದದ್ದು.

ಅವಳು ಕೈ ಒರೆಸಿಕೊಂಡು ಹೊರಗೆ ಬಂದಳು. ಕೇರಿಗೆಲ್ಲ ಕೇಳುವಂತೆ ಹೇಳಿದಳು: "ಭಾವಾರ, ನಾ ಏನೂ ಹಾಕಿಲ್ರಿ. ಸುಮ್ಕ ಅಂದಿದ್ದೆ. ನನ್ನ ಭಾಗ್ಯನಾಣೆ."

ಬೊಮ್ಮಯ್ಯ ತಲೆ ಅಲ್ಲಾಡಿಸಿದ.

"ಹಾಕಿದೋರು ಹಾಕೀನಿ ಅಂತ ಒಪ್ಕಂತಾರೇನವ್ವಾ," ಎಂದು ಅಳತೊಡಗಿದ.

ಪಂಪಮ್ಮ ನನ್ನ ಕಡೆ ತಿರುಗಿ, "ಕೇಳಿದ್ರಲ್ರಿ?" ಎಂದಳು. ಆಮೇಲೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.