ಬದುಕಿರುವಾಗಲೇ ಸುರಪುರಕ್ಕೆ

ನಾನು ಪುಕ್ಕಲ. ಅರವತ್ತು ದಾಟಿದ ಮೇಲೆ ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ. ಯಾದಗಿರಿಯ ಸರಕಾರಿ ಕಚೇರಿಯೊಂದರ ದಫ್ತರಿನ ಕೋಣೆಯಲ್ಲಿ ಹಳೆಯ ಕಡತಗಳ ನಡುವೆ ನೌಕರಿ ಮುಗಿಸಿದವನು ನಾನು. ಕಡತ ಯಾರ ಮೇಲೂ ಏರಿ ಬರುವುದಿಲ್ಲವಾದ್ದರಿಂದ ನನ್ನ ಪುಕ್ಕಲುತನ ಅಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಿವೃತ್ತನಾದ ತಿಂಗಳೇ ಹೆಂಡತಿ ಗುಟ್ಟನ್ನು ಬಯಲಿಗೆಳೆಯುವ ಮಾತಾಡಿದಳು.

"ಈ ಸ್ಟೇಷನ್ ಬಾಜೂಕಿನ ಗದ್ದಲ ಸಾಕಾಗ್ಯಾದ್ರಿ. ಎಲ್ಲಿಯಾರ ಗುಡ್ಡದ ಊರಿಗೆ ಹೋಗಿ ಆರಾಮ ಇರಮು."

ಗುಡ್ಡದ ಊರು ಎಂದೊಡನೆ ನನ್ನ ಕಣ್ಣಿಗೆ ಬಂದದ್ದು ಟೀವಿಯಲ್ಲಿ ಕಾಣುವ ಮಂಜು, ಸ್ವೆಟರು, ಹೂವಿನ ಪಾತಿ. ಅಲ್ಲಿ ಒಂದು ಕೋಣೆಗೆ ಕೇಳುವ ಬಾಡಿಗೆಗೆ ನಮ್ಮ ಕಡೆ ಅಂಗಳ, ಬೇವಿನ ಮರ ಸಮೇತ ಇಡೀ ಮನೆ ಸಿಗುತ್ತದೆ. ಪಿಂಚಣಿಗೆ ತಕ್ಕ ಗುಡ್ಡ ಹುಡುಕಬೇಕಾಯಿತು. ಮೊದಲು ಶಹಾಪುರಕ್ಕೆ ಹೋದೆವು. ಅಲ್ಲಿ ಬೆಟ್ಟಸಾಲೇ ಮಲಗಿದ ಬುದ್ಧನಂತೆ ಕಾಣುತ್ತದೆ. ಅವನು ಅಷ್ಟು ನಿರಾತಂಕವಾಗಿ ಮಲಗಿದ್ದನ್ನು ನೋಡಿ ನನಗೂ ಒಂದು ಗಳಿಗೆ ಧೈರ್ಯ ಬಂತು. ಆದರೆ ನಾವು ನೋಡಿದ ಮನೆಯ ಮುಂದೆಯೇ ಹೆದ್ದಾರಿ. ಲಾರಿ ಹೋದಾಗಲೆಲ್ಲ ಕಿಟಕಿ ನಡುಗುತ್ತಿತ್ತು, ಜತೆಗೆ ನಾನೂ. ಬುದ್ಧನಿಗೆ ಕೈಮುಗಿದು ಮುಂದಿನ ಬಸ್ಸು ಹತ್ತಿದೆವು. ಅದು ಸುರಪುರದ ಬಸ್ಸು. ಅಲ್ಲಿ ಒಂದು ಬಾಡಿಗೆ ಮನೆ ಹೆಂಡತಿಗೆ ಹಿಡಿಸಿತು.

ಸುರಪುರ ಎಂದರೆ ದೇವತೆಗಳ ಊರು. ನಿವೃತ್ತನಾದವನು ಅಲ್ಲಿಗೆ ಹೊರಟಿದ್ದೇನೆ ಅಂದರೆ ಜನ ಸುಮ್ಮನಿರುತ್ತಾರೆಯೇ? "ಇಷ್ಟು ಲಗೂನ ಯಾಕ್ರಿ ಸುರಪುರಕ್ಕ? ಇನ್ನೂ ನಾಕು ದಿನ ನಮ್ಮ ಸಂಗಟ ಇರ್ರಲ್ಲ" ಎಂದ ಹಳೆಯ ಸಹೋದ್ಯೋಗಿ. ಯಾದಗಿರಿಯ ಚಹಾದಂಗಡಿಯಲ್ಲಿ ಎಲ್ಲರೂ ನಕ್ಕರು. ನಾನು ಮನೆಗೆ ಬಂದು ಬಿ.ಪಿ. ಗುಳಿಗೆ ನುಂಗಿದೆ.

ಸುರಪುರದ ಮನೆಯ ಮಾಲೀಕರು ಒಳ್ಳೆಯವರು. ಹದಿನೈದು ದಿನ ಇದ್ದು ನೋಡಿ, ಆಮೇಲೆ ಹೇಳಿ ಎಂದರು. ಮನೆ ಗುಡ್ಡದ ಬುಡದಲ್ಲಿತ್ತು. ಹಿತ್ತಲಲ್ಲಿ ನಿಂತು ತಲೆಯೆತ್ತಿದರೆ ಒಂದು ಬಂಡೆಯ ಮೇಲೆ ಇನ್ನೊಂದು ಬಂಡೆ, ಯಾರೋ ಈಗಷ್ಟೇ ಇಟ್ಟುಹೋದಂತೆ. ಈ ಬಂಡೆಗಳೆಲ್ಲ ಒಂದಾನೊಂದು ಕಾಲಕ್ಕೆ ಒಂದೇ ಕಲ್ಲಾಗಿದ್ದು, ಬಿಸಿಲು ಮಳೆ ಬಿರುಕಿಗಿಳಿದು ಅವನ್ನು ಬಿಡಿಸಿದವೆಂದು ಎಲ್ಲೋ ಓದಿದ್ದೆ. "ಕೋಟಿ ವರ್ಷ ಕುಂತ ಕಲ್ಲು ನಾವು ಬಂದ ವಾರದಾಗೇ ಉರುಳ್ತದೇನ್ರಿ?" ಎಂದಳು ಹೆಂಡತಿ. ಕೋಟಿ ವರ್ಷ ಕೂತದ್ದಕ್ಕೇ ಅದಕ್ಕೆ ಸಾಕಾಗಿರಬಹುದು ಎಂಬುದು ನನ್ನ ಲೆಕ್ಕ. ಮಂಚವನ್ನು ಬೀದಿ ಕಡೆಯ ಗೋಡೆಗೆ ಎಳೆದುಕೊಂಡೆ.

ಬಂಡೆಗಿಂತ ಹೆಚ್ಚು ಹೆದರಿಸಿದ್ದು ಅಲ್ಲಿನ ಮೌನ. ಮಧ್ಯಾಹ್ನ ಊಟವಾಗಿ ಕೂತರೆ ನನ್ನ ಎದೆಬಡಿತ ನನಗೇ ಕೇಳಿಸುತ್ತಿತ್ತು. ಎಣಿಸತೊಡಗಿದರೆ ಅದು ಜೋರಾಗುತ್ತಿತ್ತು. ದವಾಖಾನೆ ಎಷ್ಟು ದೂರ ಎಂದು ನೆನೆದರೆ ಇನ್ನೂ ಜೋರು. ಹೆಂಡತಿಗೋ ಇದ್ಯಾವುದೂ ಇಲ್ಲ. ಪಕ್ಕದ ಮನೆಯಲ್ಲಿ ಆಡು ಸಾಕಿದ ಯಲ್ಲಮ್ಮನ ಜತೆ ಎರಡೇ ದಿನಕ್ಕೆ ಗೆಳೆತನ. ಒಂಬತ್ತನೆಯ ದಿನ ಇಬ್ಬರೂ ಸೀತಾಫಲ ತರುತ್ತೇವೆಂದು ಆಡುಗಳ ಹಿಂದೆ ಗುಡ್ಡ ಹತ್ತಿದರು. "ಮೂರಕ್ಕ ಬಂದು ಚಾ ಮಾಡ್ತೀನಿ" ಎಂದು ಹೋದವಳು ನಾಲ್ಕಾದರೂ ಬರಲಿಲ್ಲ. ಫೋನು ಹಚ್ಚಿದೆ. ಅದು ಒಳಗೆ ದಿಂಬಿನ ಕೆಳಗೆ ಹಾಡಿತು.

ಹಾವು, ಕರಡಿ, ಕಾಲು ಜಾರುವ ಬಂಡೆ, ಎಲ್ಲವೂ ಒಟ್ಟಿಗೇ ನನ್ನ ತಲೆಗೆ ಬಂದವು. ಐದಕ್ಕೆ ಚಪ್ಪಲಿ ಮೆಟ್ಟಿ ಹೊರಟೆ. ಇದನ್ನು ಧೈರ್ಯವೆಂದು ತಿಳಿಯಬೇಡಿ. ಮನೆಯಲ್ಲಿ ಕೂತು ಕಾಯುವ ಹೆದರಿಕೆ ಗುಡ್ಡ ಹತ್ತುವ ಹೆದರಿಕೆಗಿಂತ ದೊಡ್ಡದಾಗಿತ್ತು, ಅಷ್ಟೆ.

ಅರ್ಧ ಹತ್ತುವಷ್ಟರಲ್ಲಿ ಕಾಲು ಜಾರಿತು. ಎರಡು ಕಲ್ಲುಗಳ ಸಂದಿಯಲ್ಲಿ ಪಾದ ಸಿಕ್ಕಿಕೊಂಡಿತು. ಎಳೆದರೆ ಪ್ರಾಣ ಹೋಗುವಂಥ ನೋವು. ಸೂರ್ಯ ಇಳಿಯುತ್ತಿದ್ದ. ಕೂಗಬೇಕು. ಆದರೆ ಏನೆಂದು? ನಮ್ಮ ಮನೆಯಲ್ಲಿ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಮದುವೆಯಾದಾಗಿನಿಂದ ನಾನು ಅವಳನ್ನು "ಕೇಳ್ತೇನು?" ಎಂದೇ ಕರೆದವನು. ಅದನ್ನೇ ಕೂಗಿದೆ.

"ಕೇಳ್ತೇನೂ?"

ಆ ಗುಡ್ಡದಲ್ಲಿ ಅದು ಯಾರಿಗೆಂದು ಯಾರಿಗೆ ತಿಳಿಯಬೇಕು? ಇನ್ನೊಮ್ಮೆ ಕೂಗಿದೆ. ಒಂದು ನವಿಲು ಉತ್ತರ ಕೊಟ್ಟಿತು. ಅವಳೂ ಎಲ್ಲೋ ಹೀಗೇ ಬಿದ್ದು, ನನ್ನನ್ನು ಕರೆಯಲು ಮಾತಿಲ್ಲದೆ ಕೂತಿದ್ದರೆ? ಕಣ್ಣು ಮುಚ್ಚಿ, ಇದ್ದ ಉಸಿರೆಲ್ಲ ಕೂಡಿಸಿ ಕೂಗಿದೆ.

"ನೀಲಮ್ಮಾ!"

ಗುಡ್ಡ ಹೆಸರಿನ ಅರ್ಧವನ್ನು ತಾನಿಟ್ಟುಕೊಂಡು "ಅಮ್ಮಾ, ಅಮ್ಮಾ" ಎಂದಷ್ಟೇ ತಿರುಗಿ ಕೊಟ್ಟಿತು. ಅರವತ್ತು ದಾಟಿದ ಗಂಡಸು ತಾಯಿಗಾಗಿ ಅಳುತ್ತಿದ್ದಾನೆಂದು ಕೇಳಿದವರು ತಿಳಿದಿರಬೇಕು. ಆಗ ಮೇಲಿನಿಂದ ಒಂದು ದನಿ ಬಂತು.

"ಇದ್ದೇನ್ರೀ! ಅಲ್ಲೇ ಇರ್ರಿ!"

ಅಲ್ಲೇ ಇರದೆ ನಾನು ಎಲ್ಲಿಗೆ ಹೋಗಬೇಕಿತ್ತು?

ಮೇಲೆ ಆಡೊಂದು ಈದಿತ್ತಂತೆ. ಮರಿ ಎದ್ದು ನಿಲ್ಲಲೆಂದು ಇಬ್ಬರೂ ಕಾದಿದ್ದರು. ಯಲ್ಲಮ್ಮ ನನ್ನ ಪಾದವನ್ನು ಹಿಡಿದು ಒಂದೇ ತಿರುವಿಗೆ ಬಿಡಿಸಿ, "ಎಲುಬು ಮುರಿದಿಲ್ಲ ಬಿಡ್ರಿ ಸಾಹೇಬ್ರ, ಬರೇ ಉಳುಕ್ಯಾದ" ಎಂದು ಹೆಗಲು ಕೊಟ್ಟಳು. ಹೆಂಡತಿ ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡು ಮುಂದೆ ಇಳಿದಳು. ಒಮ್ಮೆಯೂ ಹಿಂದೆ ನೋಡಲಿಲ್ಲ. ಸಿಟ್ಟಾಗಿದ್ದಾಳೆಂದು ಅದಕ್ಕೂ ಹೆದರಿದೆ. ಅಂಗಳಕ್ಕೆ ಬಂದ ಮೇಲೆ ತಿರುಗಿ ನಿಂತಳು.

"ನನ್ನ ಹೆಸರು ನಿಮಗ ನೆನಪದ ಅಂತ ನನಗ ಗೊತ್ತಿದ್ದಿಲ್ಲ" ಎಂದಳು. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು.

ಮನೆ ಹಿಡಿದೆವು. ಕಾಲು ವಾಸಿಯಾಯಿತು, ಪುಕ್ಕಲುತನ ವಾಸಿಯಾಗಲಿಲ್ಲ. ಅವಳು ಗುಡ್ಡ ಹತ್ತಿದಾಗಲೆಲ್ಲ ನಾನು ಹಿತ್ತಲಲ್ಲಿ ನಿಂತು ಒಮ್ಮೆ ಹೆಸರು ಕೂಗುತ್ತೇನೆ. ಮೇಲಿನಿಂದ "ಇದ್ದೇನ್ರೀ" ಬರುತ್ತದೆ. ಆ ದನಿ ಬರದ ದಿನವೊಂದು ಬಂದರೆ ಎಂಬುದೇ ಈಗ ನನ್ನ ಎಲ್ಲಕ್ಕಿಂತ ದೊಡ್ಡ ಹೆದರಿಕೆ. ಮೊನ್ನೆ ಅದನ್ನು ಅವಳಿಗೆ ಹೇಳಿಯೂಬಿಟ್ಟೆ. "ಅದು ಬಂದಾಗ ನೋಡಮು. ಈಗ ಚಾ ಕುಡೀರಿ" ಎಂದು ಕಪ್ಪು ಕೈಗಿತ್ತಳು.

ಕುಡಿದೆ. ನಾಲಿಗೆ ಸುಟ್ಟೀತೆಂದು ಹೆದರಿ, ಊದಿ ಊದಿ ಕುಡಿದೆ.