ನಾನು ಕೊಟ್ಟ ಪ್ರಾಯಶ್ಚಿತ್ತ

ನನ್ನ ಮೊದಲ ಕಥಾಸಂಕಲನ ಬಂದಾಗ ನಮ್ಮ ಕೇರಿಯಲ್ಲಿ ಅದನ್ನು ಓದಿದವರು ಮೂವರು, ಸಿಟ್ಟಾದವರು ಹದಿನಾಲ್ಕು ಮನೆಯವರು. ನರಸೀಪುರದ ಅಂಚಿನ ಈ ಕೇರಿಯಲ್ಲಿ ಕಥೋಲಿಕರ ಮನೆ ಇರುವುದೇ ಹದಿನಾಲ್ಕು. ಅಷ್ಟೂ ಮನೆಯವರನ್ನು ಅಣಕಿಸಿ ಅವರ ದನಿ ತೆಗೆಯುವುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ತೆಗೆದು ತೆಗೆದು ಸಾಕಾಗಿ ಕೊನೆಗೆ ಅಚ್ಚು ಹಾಕಿಸಿದೆ. ಚಾಪೆಲ್‌ನಲ್ಲಿ ಜಪ ಹೇಳಿಸುವ ಉಪದೇಶಿಗಳ ಮೂಗುಸ್ವರ, ಗಂಡನ ಬೈಗುಳವನ್ನು ಜಪಮಾಲೆಯ ರಾಗದಲ್ಲಿ ಹಿಂದಿರುಗಿಸುವ ಎದುರುಮನೆಯಾಕೆ, ಎಲ್ಲರೂ ಅದರಲ್ಲಿದ್ದರು. ನನ್ನನ್ನೂ ಬಿಟ್ಟಿರಲಿಲ್ಲ. ಹುಡುಗಿ ಎದುರಿಗೆ ಬಂದರೆ ಬೈಬಲ್ ವಾಚನದ ಗತ್ತಿನಲ್ಲಿ ಮಾತಾಡುವ, ತಾನು ಹೇಳಿದ್ದಕ್ಕೆ ತಾನೇ ಮೊದಲು ನಗುವ ಬಡಕಲು ಕಥೆಗಾರನೊಬ್ಬ ಮೂರನೇ ಕಥೆಯಲ್ಲಿ ಬರುತ್ತಾನೆ. ಆಸಾಮಿ ನಾನೇ.

ವಿಮರ್ಶಕರೊಬ್ಬರು ‘ನಗು ಇದೆ, ಆಳ ಸಾಲದು’ ಎಂದು ಬರೆದರು. ಸರಿ, ಎರಡನೇ ಪುಸ್ತಕ ಆಳವಾಗಿರಲಿ ಎಂದು ಕಳೆದ ವರ್ಷ ತೀರ್ಮಾನಿಸಿದೆ. ಆಳಕ್ಕೆ ದೇವರಿಗಿಂತ ಸುಲಭವಾಗಿ ಸಿಗುವ ವಸ್ತು ಬೇರೆ ಹೊಳೆಯಲಿಲ್ಲ. ನಂಜನಗೂಡಿನಿಂದ ನಮ್ಮ ಚಾಪೆಲ್‌ಗೆ ಪೂಜೆಗೆ ಬರುವ ಈಗಿನ ಸ್ವಾಮಿಗಳನ್ನು ಕಂಡು, ವಿಶ್ವಾಸದ ಕಾದಂಬರಿ ಬರೆಯಬೇಕು, ಓದಲು ಏನಾದರೂ ಕೊಡಿ ಅಂದೆ.

“ಓದಿ ಯಾರನ್ನ ಆಡ್ಕೋಬೇಕು ಅಂತಿದ್ದೀಯ?” ಅಂದರು.

“ಈ ಸಲ ಯಾರನ್ನೂ ಇಲ್ಲ ಫಾದರ್. ಹೊಸ ಶುರು.”

ನಂಬದಿದ್ದರೂ ಒಂದು ರಟ್ಟಿನ ಡಬ್ಬದ ತುಂಬ ಕೊಟ್ಟರು: ಸಂತರ ಜೀವನಚರಿತ್ರೆಗಳು, ಯಾವುದೋ ಮಠದ ಸನ್ಯಾಸಿಯ ಪತ್ರಗಳು, ಬೈಂಡು ಬಿಚ್ಚಿದ ಪ್ರಾರ್ಥನಾ ಪುಸ್ತಕಗಳು. ನನಗೆ ನಂಜನಗೂಡಿನ ಡಿಟಿಪಿ ಅಂಗಡಿಯಲ್ಲಿ ಕೆಲಸ, ದಿನಾ ಬಸ್ಸು. ಹೋಗುತ್ತ ಒಬ್ಬ ಸಂತ, ಬರುತ್ತ ಒಬ್ಬ ಸಂತ. ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪಿಸುತ್ತ, ಹುಲಿಯ ಎದುರು ಮಂಡಿಯೂರಿ ಪ್ರಾರ್ಥಿಸುವ ಸಂತನ ದನಿ ತೆಗೆದು ಮಾಲೀಕರನ್ನು ನಗಿಸುತ್ತಿದ್ದೆ. ಹುಲಿಯ ದನಿಯನ್ನೂ. ಕಾದಂಬರಿ ಮಾತ್ರ ಇಪ್ಪತ್ತೆರಡು ಪುಟ ಗಂಭೀರವಾಗಿಯೇ ಮುಂದುವರಿಯಿತು. ಅದರ ನಾಯಕಿ ಶುಕ್ರವಾರ ಶುಕ್ರವಾರ ಮಧ್ಯಾಹ್ನದವರೆಗೆ ಮೌನ ಹಿಡಿಯುವ ವಿಧವೆ. ಅದೇ ಮೌನ ನನ್ನ ಮೊದಲ ಪುಸ್ತಕದಲ್ಲಿ ತಮಾಷೆಯಾಗಿ ಬಂದಿತ್ತು. ಈಗ ಅದಕ್ಕೇ ‘ಅಂತರಂಗದ ದೀಪ’ ಎಂದೆಲ್ಲ ಬರೆದಿದ್ದೆ. ಆ ವಿಧವೆ ಪಕ್ಕದ ಮನೆಯಲ್ಲಿರುವ ನನ್ನ ದೊಡ್ಡಮ್ಮ. ಆ ಮೌನವನ್ನು ಅವಳಿಗೆ ಅಂಟಿಸಿದ್ದು ನಾನು.

ಆರು ವರ್ಷದ ಹಿಂದಿನ ತಪಸ್ಸುಕಾಲ. ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲಿನ ಆ ನಲವತ್ತು ದಿನದಲ್ಲಿ ನಮ್ಮವರು ಮಾಂಸ ಬಿಟ್ಟು, ಬೈಗುಳ ಸ್ವಲ್ಪ ಕಡಿಮೆ ಮಾಡಿ, ಒಂದು ಸಲ ಪಾಪನಿವೇದನೆ ಮಾಡಿಕೊಳ್ಳುತ್ತಾರೆ. ಆಗಿನ ಹಳೆಯ ಸ್ವಾಮಿಗಳು ಶನಿವಾರ ಸಂಜೆ ಬೈಕಿನಲ್ಲಿ ಬಂದು ಚಾಪೆಲ್ ಮೂಲೆಯ ಮರದ ಪೆಟ್ಟಿಗೆಯೊಳಗೆ ಕೂರುತ್ತಿದ್ದರು. ಬೀರುವಿನಂಥ ಪೆಟ್ಟಿಗೆ. ಒಳಗೆ ಸ್ವಾಮಿಗಳು, ಪಕ್ಕದಲ್ಲಿ ಮಂಡಿಯೂರಿದವರು, ನಡುವೆ ತೂತಿನ ಹಲಗೆ, ಅದರ ಮೇಲೊಂದು ನೇರಳೆ ಪರದೆ. ಮುಖ ಕಾಣುವುದಿಲ್ಲ, ದನಿ ಮಾತ್ರ. ಅದು ನನ್ನಂಥವನಿಗೆ ಎಂಥ ಆಹ್ವಾನವೆಂದು ಅದನ್ನು ಮಾಡಿದ ಬಡಗಿ ಯೋಚಿಸಿರಲಿಕ್ಕಿಲ್ಲ.

ಅಂಥದೊಂದು ಶನಿವಾರ ಚಾಪೆಲ್ ಗುಡಿಸುವ ಸರದಿ ನನ್ನದು ಮತ್ತು ನನ್ನ ಗೆಳೆಯನದು. ಸ್ವಾಮಿಗಳ ಬೈಕು ದಾರಿಯಲ್ಲಿ ಪಂಕ್ಚರ್ ಆಗಿ ತಡವಾಗುತ್ತದೆಂದು ಫೋನು ಬಂತು. ಗೆಳೆಯನನ್ನು ನಗಿಸೋಣವೆಂದು ಪೆಟ್ಟಿಗೆಯೊಳಗೆ ಹೊಕ್ಕು ಅವರ ದನಿ ಶುರುಮಾಡಿದೆ. ಪ್ರತಿ ಮಾತಿಗೆ ಮೊದಲು ಒಂದು ಒಣಕೆಮ್ಮು, ಕೊನೆಗೊಂದು ‘ಆಯ್ತಾ ಮಗು’. ಗೆಳೆಯ ನಕ್ಕು ನಕ್ಕು, ಬಕೆಟ್ಟಿಗೆ ನೀರು ತರಲು ಆಚೆ ಹೋದ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಮಂಡಿಯೂರಿದ ಸದ್ದು.

“ಆಶೀರ್ವಾದ ಮಾಡಿ ಸ್ವಾಮೇರೆ.”

ದೊಡ್ಡಮ್ಮ. ಬಲಿಪೀಠದ ಬಟ್ಟೆ ಹಾಸಲು ಬಂದವಳು ಒಳಗಿನ ಕೆಮ್ಮು ಕೇಳಿ, ಸಾಲು ಶುರುವಾಗುವ ಮೊದಲೇ ತನ್ನದು ಮುಗಿಸಿಕೊಳ್ಳೋಣ ಅಂದುಕೊಂಡಿದ್ದಳು. ನಾನು ಎದ್ದು ಬರಬಹುದಿತ್ತು. ‘ನಾನು ಕಣೆ ದೊಡ್ಡಮ್ಮ’ ಅಂದಿದ್ದರೆ ಪೊರಕೆಯಲ್ಲಿ ನಾಲ್ಕು ಏಟು ಬೀಳುತ್ತಿದ್ದವು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದನಿ ಆ ದಿನ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಬಿಡಲು ಮನಸ್ಸು ಬರಲಿಲ್ಲ. ಕೆಮ್ಮಿದೆ.

ನಲ್ಲಿಯ ಜಗಳ, ಪೂಜೆಗೆ ತಡವಾಗಿ ಬಂದದ್ದು, ಸೊಸೆಗೆ ಅಂದ ಮಾತು. ನಾನು ತೊಡೆ ಚಿವುಟಿಕೊಂಡು ನಗು ತಡೆಯುತ್ತಿದ್ದೆ. ಆಮೇಲೆ ಅವಳು ಬಹಳ ವರ್ಷದಿಂದ ಯಾರಿಗೂ ಹೇಳದ ಒಂದು ಮಾತು ಹೇಳಿದಳು. ಸತ್ತುಹೋದ ದೊಡ್ಡಪ್ಪನ ಕೊನೆಯ ದಿನದ್ದು. ಅದಿಷ್ಟೇ ಇಲ್ಲಿ ಬರೆಯಬಲ್ಲೆ. ಕೇಳಿ ನನ್ನ ನಗು ನಿಂತಿತು. ದನಿ ನಿಲ್ಲಲಿಲ್ಲ. ಆ ದನಿಯಲ್ಲೇ, ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ ಅಂದೆ. ಪ್ರಾಯಶ್ಚಿತ್ತವಾಗಿ ಏನು ಕೊಡುವುದೆಂದು ಹೊಳೆಯಲಿಲ್ಲ. ಹಿಂದಿನ ದಿನ, ಶುಕ್ರವಾರ, ಮಲಗಿದ್ದವನನ್ನು ಅವಳು ಇಡೀ ಬೀದಿಗೆ ಕೇಳುವ ಹಾಗೆ ಬೈದು ಎಬ್ಬಿಸಿದ್ದಳು. ಇನ್ನು ಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನದವರೆಗೆ ಬಾಯಿ ತೆರೆಯಬೇಡ, ಆಯ್ತಾ ಮಗು, ಅಂದೆ.

ಅವಳು ಅತ್ತಳು. ಮನಸ್ಸು ಹಗುರಾಗಿ ಅಳುವವರ ಅಳು ಅದು. ಅದರ ದನಿ ನನಗೆ ಇವತ್ತಿಗೂ ತೆಗೆಯಲು ಬರುವುದಿಲ್ಲ.

ಆಮೇಲೆ ನಾನು ಮರೆತೆ. ಶುಕ್ರವಾರ ಬೆಳಿಗ್ಗೆ ಹಾಯಾಗಿ ಮಲಗಿದೆ. ಆ ಮೌನವನ್ನು ಕಥೆ ಮಾಡಿದೆ. ನೆನಪು ಕಚ್ಚಿದ್ದು ಈ ವರ್ಷದ ತಪಸ್ಸುಕಾಲ ಶುರುವಾದ ವಾರ, ಬಸ್ಸಿನಲ್ಲಿ. ಡಬ್ಬದ ತಳದಲ್ಲಿ ಸಿಕ್ಕ ಪುಟ್ಟ ಪುಸ್ತಕವೊಂದನ್ನು ಓದುತ್ತಿದ್ದೆ, ಸ್ವಾಮಿಗಳಾಗಲು ಕಲಿಯುವ ಹುಡುಗರಿಗೆಂದು ಬರೆದದ್ದು. ದೀಕ್ಷೆ ಪಡೆಯದವನು ಆ ಜಾಗದಲ್ಲಿ ಕೂತು ಕೇಳಿದರೆ ಅವನು ಕೊಡುವ ಕ್ಷಮೆ ಕ್ಷಮೆಯೇ ಅಲ್ಲ, ಹಾಗೆ ಕೂರುವುದು ಪ್ರಸಾದದಂಥ ಸಂಸ್ಕಾರಗಳಿಂದ ಹೊರಗಿಡುವಂಥ ಅಪರಾಧ ಎಂದಿತ್ತು. ಪಕ್ಕದಲ್ಲಿದ್ದ ಹೆಮ್ಮರಗಾಲದ ಯಜಮಾನರೊಬ್ಬರು ಬಗ್ಗಿ ನೋಡಿದರು.

“ಏನ್ ಸಾ ಅದು, ಕಾದಂಬರಿಯಾ?”

“ಪಾಪದ ಬಗ್ಗೆ.”

“ಓ, ಕಾದಂಬರಿನೇ ಅನ್ನಿ,” ಅಂದು ಕಿಟಕಿಯತ್ತ ತಿರುಗಿದರು.

ಸ್ವಾಮಿಗಳಿಗೆ ಹೇಳಿದೆ, ಅದೇ ಪೆಟ್ಟಿಗೆಯಲ್ಲಿ, ನನ್ನದೇ ದನಿಯಲ್ಲಿ. ಅದು ಎಷ್ಟು ಬಡಕಲು ದನಿ ಅಂತ ಅಂದೇ ಕೇಳಿಸಿಕೊಂಡದ್ದು.

“ಇದನ್ನ ಕ್ಷಮಿಸೋ ಅಧಿಕಾರ ನನಗಿಲ್ಲ. ನಿನ್ನ ಹೆಸರು ಹಾಕದೆ ಬಿಷಪ್ಪರಿಗೆ ಬರೀತೀನಿ. ಉತ್ತರ ಬರೋವರೆಗೂ ನೀನು ಪ್ರಸಾದ ತಗೊಳ್ಳೋ ಹಾಗಿಲ್ಲ.”

“ದೊಡ್ಡಮ್ಮಂದು?”

“ಅವರಿಗೆ ನೀನೇ ಹೇಳ್ಬೇಕು. ನಾನು ಹೇಳೋ ಹಾಗಿಲ್ಲ. ಕೇಳ್ದೋರೆಲ್ಲ ಗುಟ್ಟು ಕಾಯ್ಬೇಕು, ನಿನ್ನನ್ನೂ ಸೇರಿಸಿ.”

ಮಾರನೆಯ ದಿನ ಹೋದೆ. ದೊಡ್ಡಮ್ಮ ಹಿತ್ತಲಲ್ಲಿ ಬಲಿಪೀಠದ ಬಟ್ಟೆಗಳಿಗೆ ಗಂಜಿ ಹಾಕುತ್ತಿದ್ದಳು.

“ಏನ್ಲಾ, ಮಕ ಇಂಗ್ ಮಾಡ್ಕಂಡ್ ಬಂದಿದ್ದೀಯ?”

ಹೇಳಿದೆ. ಅವಳ ಕೈ ಗಂಜಿಯೊಳಗೇ ನಿಂತಿತು.

“ಒಳ್ಗೆ ಕುಂತಿದ್ದು ನೀನಾ.”

“ಊ ದೊಡ್ಡಮ್ಮ.”

“ಎಲ್ಲಾ ಕೇಳುಸ್ಕಂಡ್ಯಾ.”

ತಲೆಯಾಡಿಸಿದೆ.

“ಸುಕ್ರವಾರದ್ದು ಯಾಕ್ಲಾ ಅಂಗ್ ಯೋಳ್ದೆ?”

ಇಷ್ಟು ವರ್ಷದಲ್ಲಿ ನಾನು ಅವಳಿಗೆ ಹೇಳಿದ ಒಂದೇ ನಿಜ ಇದು ಅನ್ನಿಸುತ್ತದೆ. “ನಿದ್ದೆಗೆ. ಬೆಳಿಗ್ಗೆ ನೀನು ಬೈತಿದ್ದೆ ಅಂತ.”

ಅವಳು ಬಟ್ಟೆ ಹಿಂಡಿ, ಕೊಡವಿ, ತಂತಿಗೆ ಹಾಕಿದಳು. ಮೂಲೆ ಎಳೆದು ಸರಿಮಾಡಿದಳು.

“ನನ್ ಮಗ್ಳು ಎರಿಗೆ ನೋವಲ್ಲಿ ಅವ್ವಾ ಅವ್ವಾ ಅಂತ ಕೂಗ್ಕತಿದ್ಲು. ಸುಕ್ರವಾರ. ಕೈ ಇಡ್ಕಂಡ್ ಕುಂತಿದ್ದೆ, ಒಂದ್ ಮಾತ್ ಆಡ್ನಿಲ್ಲ. ಅವಳು ಇವತ್ಗೂ ಅದ್ನೇ ಅಂತಾಳೆ ಕಣ್ಲಾ.”

ಸ್ವಾಮಿಗಳ ಹತ್ತಿರ ಹೋಗಿ ಇನ್ನೊಂದು ಸಲ ಹೇಳಿಬಿಡು, ನಿಜವಾದ ಕ್ಷಮೆ ಸಿಗುತ್ತದೆ ಅಂದೆ.

“ಪರದೆ ಇಂದ್ಗಡೆ ಯಾರ್ ಕುಂತವ್ರೆ ಅಂತ ಎಂಗ್ ನಂಬ್ಲಿ?”

“ಎದುರಿಗೆ ಕುರ್ಚಿ ಹಾಕ್ಕೊಂಡೂ ಕೇಳ್ತಾರೆ.”

“ಮಕ ನೋಡ್ಕಂಡ್ ಯೋಳೋ ಮಾತಾ ಅದು? ನಿಂಗ್ ಗೊತ್ತಲ್ಲ ಏನು ಅಂತ.”

ಗೊತ್ತಿತ್ತು. ಅದೇ ಅವಳಿಗೆ ತಡೆಯಲಾಗದ್ದು. ಪಾಪಕ್ಕಿಂತ, ದಿನಾ ಎದುರಿಗೆ ಓಡಾಡುವ ನನ್ನ ತಲೆಯಲ್ಲಿ ಅದು ಕೂತಿರುವುದು.

ಮುಂದಿನ ವಾರ ಅವಳಾಗಿಯೇ ಸ್ವಾಮಿಗಳನ್ನು ಚಾಪೆಲ್ ಬಾಗಿಲಲ್ಲಿ ತಡೆದು, ನಡೆದದ್ದನ್ನು ಹೇಳಿ, ತನ್ನ ಪಾಪದ ಗತಿ ಏನು ಅಂತ ಕೇಳಿದಳು. ನಾನು ಮೆಟ್ಟಿಲ ಕೆಳಗೇ ನಿಂತಿದ್ದೆ. ನೀವು ನಂಬಿಕೆಯಿಂದ ಬಂದಿದ್ದಿರಿ ಅಮ್ಮ, ದೇವರು ಅದನ್ನು ನೋಡಿದ್ದಾನೆ, ನಿಮ್ಮನ್ನು ಬಿಡುವುದಿಲ್ಲ. ಆದರೂ ಬನ್ನಿ, ಇನ್ನೊಮ್ಮೆ ಸರಿಯಾಗಿ ಮಾಡಿಬಿಡೋಣ, ಅಂದರು ಅವರು.

“ಅವತ್ತು ಇವ್ನೂ ಇಂಗೇ ಯೋಳ್ದ ಸ್ವಾಮೇರೆ,” ಅಂದಳು. “ನಿಮ್ಗಿಂತ ಚೆಂದಾಗ್ ಯೋಳ್ದ.”

ಅವರು ನನ್ನ ಕಡೆ ನೋಡಿದರು. ನನ್ನೊಳಗಿನ ಅಣಕದವನಿಗೆ ಆ ಕ್ಷಣದಲ್ಲೂ ಸಣ್ಣ ಹೆಮ್ಮೆಯಾಯಿತು ಎಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಈಗ ದೊಡ್ಡಮ್ಮ ಶುಕ್ರವಾರ ಬೆಳಿಗ್ಗೆ ಐದಕ್ಕೇ ಬಾಯಿ ತೆರೆಯುತ್ತಾಳೆ. ಹಾಲಿನವನಿಗೆ, ಕೋಳಿಗೆ, ಸೊಸೆಗೆ ಬೈಯುತ್ತಾಳೆ. ನನಗೊಬ್ಬನಿಗೆ ಬೈಯುವುದಿಲ್ಲ. ಕಾದಂಬರಿಯ ಇಪ್ಪತ್ತೆರಡು ಪುಟ ಹರಿದೆ. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, “ಬರ್ಕೊ. ಆ ಮಾತೊಂದ್ ಬುಟ್ಟು. ನಿನ್ ಯೋಗ್ಯತೆ ಏನು ಅನ್ನೋದ್ನೂ ಬರಿ,” ಅಂದಳು. ಈಚೆಗೆ ಅವಳು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ.

ತಪಸ್ಸುಕಾಲದ ಭಾನುವಾರಗಳಲ್ಲಿ ಎಲ್ಲರೂ ಪ್ರಸಾದಕ್ಕೆ ಸಾಲು ನಿಂತಾಗ ಬೆಂಚಿನಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ. ನನಗೆ ಬಿಷಪ್ಪರ ಕಾಗದ ಬಂದಿರಲಿಲ್ಲ, ಅವಳು ಮತ್ತೆ ಪಾಪನಿವೇದನೆಗೆ ಹೋಗಿರಲಿಲ್ಲ; ಪಾಪ ಕ್ಷಮೆಯಾಗದವರು ಪ್ರಸಾದ ಮುಟ್ಟುವಂತಿಲ್ಲ. ಕೇರಿಯವರು ತಿರುಗಿ ನೋಡುತ್ತಿದ್ದರು. ನನ್ನ ವಿಷಯದಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಇವಳದೇನು ಎಂದು ಪಿಸುಗುಟ್ಟಿದರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಬಿಷಪ್ಪರ ಉತ್ತರ ಬಂತು. ಸ್ವಾಮಿಗಳು ನನ್ನನ್ನು ಕರೆಸಿ ಕ್ಷಮೆ ಕೊಟ್ಟರು. ಪ್ರಾಯಶ್ಚಿತ್ತ: ಮೂರು ಜಪಮಾಲೆ, ಹದಿನೈದು ದಿನ ಚಾಪೆಲ್ ಗುಡಿಸುವುದು. ಇಷ್ಟೇನಾ ಅಂದೆ. ಇಷ್ಟೇ ಅಂದರು.

ಪಾಸ್ಕ ಹಬ್ಬದ ಬೆಳಗಿನ ಪೂಜೆಗೆ ದೊಡ್ಡಮ್ಮ ಹೊಸ ಸೀರೆಯುಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಅವಳ ಪಕ್ಕ, ಬೆಂಚಿನ ಒಳಬದಿಗೆ. ಸಾಲು ಎದ್ದಿತು. ನಾನು ಕೂತೇ ಇದ್ದೆ.

“ಏಳ್ಲಾ. ಕಾಗ್ದ ಬಂತಂತಲ್ಲ.”

“ನೀನು?”

“ನಂಗ್ಯಾರ್ ಬರೀತಾರೆ.”

ಅವಳು ಎರಡೂ ಮಂಡಿಗಳನ್ನು ಓರೆ ಮಾಡಿ ದಾರಿ ಬಿಟ್ಟಳು. ನಾನು ಅವಳ ಸೀರೆ ತುಳಿಯದಂತೆ ಅಡ್ಡಡ್ಡ ದಾಟಿ, ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.