ಗೋಲುಕಂಬಕ್ಕೆ ಒಡೆದ ಮಡಿಲಕ್ಕಿ ಕಾಯಿ

ಹಿರಿಯೂರು ಸಂತೆಯಲ್ಲಿ ಕುರಿ ವ್ಯಾಪಾರ ಕುದುರಿಸುವ ಕಾಟಯ್ಯನಿಗೆ ದೇವರು ಜಮೀನು ಕೊಟ್ಟಿರಲಿಲ್ಲ, ಎತ್ತರ ಕೊಟ್ಟಿರಲಿಲ್ಲ, ಗಂಟಲು ಕೊಟ್ಟಿದ್ದ. ಸಂತೆಯ ಈ ತುದಿಯಲ್ಲಿ ನಿಂತು ಅವನು ಒಂದು ಟಗರನ್ನು ಹೊಗಳಿದರೆ ಆ ತುದಿಯಲ್ಲಿದ್ದ ಟಗರು ತಲೆ ಎತ್ತಿ ನೋಡುತ್ತಿತ್ತು. ಈ ಗಂಟಲಿನ ಬೆಲೆ ಮೊದಲು ತಿಳಿದದ್ದು ಕುರಿಗಳಿಗೆ, ಆಮೇಲೆ ಊರಿನ ಫುಟ್‌ಬಾಲ್ ತಂಡಕ್ಕೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ತಂಡ ಪರವೂರಿಗೆ ಆಡಲು ಹೊರಟಿತೆಂದರೆ ಆಟಗಾರರಿಗಿಂತ ಮೊದಲು ಕಾಟಯ್ಯ ಲಾರಿ ಹತ್ತಬೇಕು. ಜೀವಮಾನದಲ್ಲಿ ಚೆಂಡಿಗೆ ಕಾಲು ತಾಗಿಸಿದವನಲ್ಲ. ಬಾಯಿಯಲ್ಲೇ ಆಡಿ ಬಾಯಿಯಲ್ಲೇ ಗೆಲ್ಲುವ ಆಟಗಾರ.

ಆ ವರ್ಷದ ಪಂದ್ಯ ಬಿದ್ದದ್ದು ಹೊಸದುರ್ಗದಲ್ಲಿ. ಕಾಟಯ್ಯ ತನ್ನ ಮಗಳು ಸಿದ್ದಕ್ಕನನ್ನು ಕೊಟ್ಟಿದ್ದೂ ಹೊಸದುರ್ಗಕ್ಕೇ. ಅವಳಿಗೀಗ ಏಳು ತಿಂಗಳು, ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಕರೆತರಬೇಕು. ಬೀಗರಾದ ದೊಡ್ಡತಿಮ್ಮಪ್ಪನವರಿಗೆ ಎಷ್ಟು ಸಲ ಹೇಳಿಕಳಿಸಿದರೂ ಹೂಂ ಇಲ್ಲ, ಉಹೂಂ ಇಲ್ಲ. ಮುನಿಸು ಮದುವೆಯ ದಿನದ್ದು. ಬೀಗರಿಗೆಂದು ಹಾಕಿದ ಮೊದಲ ಪಂಕ್ತಿಯಲ್ಲಿ ಕಾಟಯ್ಯನ ಫುಟ್‌ಬಾಲ್ ಗೆಳೆಯರು ಹೋಗಿ ಕೂತುಬಿಟ್ಟರು. ಅವರು ಪಾಯಸವನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಿರುವಾಗ ಬೀಗರು ಎರಡನೆಯ ಪಂಕ್ತಿಗೆ ಕಾಯುತ್ತ ನಿಂತಿದ್ದರು. ಬೀಗರ ಬಾಯಿಗೆ ಅಂದು ಬಿದ್ದ ಬೀಗ ಇನ್ನೂ ತೆರೆದಿರಲಿಲ್ಲ.

ಹೆಂಡತಿ ಗಿರಿಯಮ್ಮ ತಾನೇ ಹೋಗಬೇಕೆಂದಿದ್ದಳು. ಹಿಂದಿನ ವಾರ ಕಾಲು ಉಳುಕಿ ಕೂತಳು. ಮಡಿಲಿಗೆ ತುಂಬುವ ಅಕ್ಕಿ, ಬೆಲ್ಲ, ಅಡಿಕೆ, ಹಸಿರು ರವಿಕೆ ಕಣ, ಇವುಗಳ ಮೇಲೆ ಜುಟ್ಟು ಬಿಟ್ಟು ಸುಲಿದು ಅರಿಶಿನ ಬಳಿದ ತೆಂಗಿನಕಾಯಿ, ಎಲ್ಲವನ್ನೂ ಚೀಲದಲ್ಲಿಟ್ಟು ಗಂಡನ ಕೈಗೆ ಕೊಟ್ಟಳು.

“ಬಸ್ಸಿಗೆ ಹೋಗು. ಬೀಗಿತ್ತಿ ಕೈಲಿ ಇದನ್ನ ಮಡ್ಲಿಗೆ ಹಾಕ್ಸು. ಕೈ ಮುಗಿ, ಕಾಲಿಗೆ ಬೀಳು, ಏನಾರ ಮಾಡು. ಮಗಳಿಲ್ದೆ ಈ ಹೊಸ್ಲು ತುಳೀಬ್ಯಾಡ.”

“ಹೂಂ ಕಣೆ, ಬಸ್ಸಿಗೇ.”

ಬಸ್ಸಿಗೇ ಎಂದವನು ನೇರವಾಗಿ ಹೋಗಿ ಲಾರಿ ಹತ್ತಿದ. ಅವನ ಲೆಕ್ಕ ಸಲೀಸಾಗಿತ್ತು. ಮೊದಲು ಪಂದ್ಯ, ಆಮೇಲೆ ಬೀಗರ ಮನೆ. ಬೀಗರು ಹೊಲ ಬಿಟ್ಟರೆ ಮನೆ, ಮನೆ ಬಿಟ್ಟರೆ ಹೊಲ, ಆಟಗೀಟ ನೋಡುವವರಲ್ಲ. ಬರುವಾಗ ಮಗಳನ್ನು ಮುಂದೆ ಕೂರಿಸಿಕೊಂಡು ಬಂದರಾಯಿತು.

ಲಾರಿ ಅಬ್ದುಲ್ ರಶೀದನದು. ವಾರವೆಲ್ಲ ಅದರಲ್ಲಿ ಕುರಿ, ಭಾನುವಾರ ಫುಟ್‌ಬಾಲ್ ತಂಡ. ಎಷ್ಟು ತೊಳೆದರೂ ಕುರಿಗಳು ತಮ್ಮ ವಾಸನೆಯನ್ನು ತಂಡಕ್ಕೆ ಬಿಟ್ಟುಕೊಟ್ಟೇ ಹೋಗುತ್ತಿದ್ದವು. ತಂಡದ ಯಜಮಾನಿಕೆ ಓಬಳೇಶಪ್ಪನದು. ಕಾಟಯ್ಯನ ಬಾಲ್ಯದ ಗೆಳೆಯ. ಮದುವೆಯ ಮೊದಲ ಪಂಕ್ತಿಯಲ್ಲಿ ಮೊದಲ ಎಲೆಗೆ ಕೂತವನೂ ಅವನೇ. ಬೂಟುಗಳ ಮೂಟೆ, ನಿಂಬೆಹಣ್ಣು, ಒಂದು ತೆಂಗಿನಕಾಯಿ ಅವನ ವಶದಲ್ಲಿದ್ದವು. ಆಟ ಶುರುವಾಗುವ ಮುಂಚೆ ಎದುರಾಳಿಯ ಗೋಲಿನ ಮುಂದೆ ಕಾಯಿ ಒಡೆಯುವುದು ಹಿರಿಯೂರಿನವರ ಪದ್ಧತಿ. ಒಡೆಯದೆ ಆಡಿದ ವರ್ಷ ಸೋತಿದ್ದರು. ಒಡೆದು ಸೋತ ವರ್ಷಗಳೂ ಇದ್ದವು. ಅವನ್ನು ಯಾರೂ ಎಣಿಸುತ್ತಿರಲಿಲ್ಲ.

ಮಾರಿಕಣಿವೆಯಲ್ಲಿ ರಶೀದ್ ಲಾರಿ ನಿಲ್ಲಿಸಿದ. ಕಣಿವೆ ಮಾರಮ್ಮನಿಗೆ ಕಾಯಿ ಒಡೆಯದೆ ಮುಂದೆ ಹೋಗುವಂತಿಲ್ಲ.

“ನಿಮ್ಮ ಅಮ್ಮನಿಗೆ ನಮ್ಮ ಎಂಜಿನ್ ಮ್ಯಾಲೆ ಸಿಟ್ಟು ಬಂದ್ರೆ ತಳ್ಳೋರು ಯಾರು? ಒಡೀರಿ, ಒಡೀರಿ” ಎಂದ ರಶೀದ್. ಓಬಳೇಶಪ್ಪ ಒಡೆದ. ಚೂರನ್ನು ಎಲ್ಲರೂ ಬೆಲ್ಲ ಹಚ್ಚಿಕೊಂಡು ತಿಂದರು. ಆ ಬೆಲ್ಲ ಯಾರ ಚೀಲದ್ದೆಂದು ಕಾಟಯ್ಯ ಕೇಳಲಿಲ್ಲ, ಬಾಯಿ ತುಂಬಿತ್ತು.

ಹೊಸದುರ್ಗದ ಮೈದಾನಕ್ಕೆ ಲಾರಿ ತಿರುಗುತ್ತಿದ್ದಂತೆ ಸ್ವಾಗತ ಶುರುವಾಯಿತು.

“ಲೇ, ಕುರಿ ಬಂದ್ವು ಕಣ್ರಲೇ! ಇಳಿಸ್ಕಳ್ರಿ, ಇಳಿಸ್ಕಳ್ರಿ!”

“ಇವತ್ತು ಸಂತೆ ಇಲ್ಲ, ವಾಪಸ್ ಹೊಡ್ಕಂಡು ಹೋಗ್ರಿ!”

ಕಾಟಯ್ಯ ಲಾರಿಯ ಮೇಲೆ ಎದ್ದು ನಿಂತ. “ಮಾರಾಕಲ್ಲ ಕಣ್ರಪ್ಪ, ಕೊಳ್ಳಾಕೆ ಬಂದೀವಿ! ಹನ್ನೊಂದನ್ನೂ ಒಟ್ಟಿಗೆ ಕೊಡ್ತೀರೋ, ಬಿಡಿಬಿಡಿಯಾಗಿ ಕೊಡ್ತೀರೋ?”

ಮಣ್ಣಿನ ಹೆಂಟೆಯೊಂದು ಬಂದು ಲಾರಿಯ ಹಲಗೆಗೆ ಬಡಿಯಿತು. ಹಿಂದೆಯೇ ಇನ್ನೊಂದು. ಕಾಟಯ್ಯ ತಲೆಗೆ ಟವೆಲ್ ಸುತ್ತಿಕೊಂಡು ಇಳಿದು ಗೆಳೆಯರ ನಡುವೆ ತೂರಿದ. ಕಣ್ಣು ಗೋಲಿನ ಕಡೆ ಹೋಯಿತು. ಅಲ್ಲಿ ಕೈಗವಸು ಏರಿಸಿಕೊಳ್ಳುತ್ತಿದ್ದವನು ಬೀಗರ ಎರಡನೆಯ ಮಗ ಚಿತ್ರಲಿಂಗಪ್ಪ, ಅಳಿಯನ ಸ್ವಂತ ತಮ್ಮ. ಯಾರಿಗೆ ಬೈದರೂ ಇವನೊಬ್ಬನಿಗೆ ಬೈಯಬಾರದು ಎಂದು ಕಾಟಯ್ಯ ಮಾರಮ್ಮನ ಆಣೆ ಇಟ್ಟುಕೊಂಡ.

ಅಷ್ಟರಲ್ಲಿ ಓಬಳೇಶಪ್ಪನಿಗೆ ನೆನಪಾಯಿತು, ಇದ್ದೊಂದು ಕಾಯಿ ಮಾರಮ್ಮನಿಗೆ ಹೋಗಿತ್ತು. ಸುತ್ತ ನೋಡಿದ. ಕಾಟಯ್ಯನ ಚೀಲದಿಂದ ಒಂದು ಜುಟ್ಟು ಹೊರಗೆ ಇಣುಕುತ್ತಿತ್ತು.

“ಲೇ ಓಬಳೇಶಿ, ಅದು ಮಡ್ಲಕ್ಕೀದು! ಮುಟ್ಟಬ್ಯಾಡಲೇ!”

“ಬೇರೆ ಕೊಡಿಸ್ತೀನಿ ತಡಿಯಲೇ, ಅಂಗಡಿ ಸತ್ತು ಹೋಗ್ಯಾವಾ?”

ಕಾಟಯ್ಯ ಹಿಡಿಯುವಷ್ಟರಲ್ಲಿ ಓಬಳೇಶಪ್ಪ ಮೈದಾನದೊಳಗೆ ಓಡಿ ಕಾಯಿಯನ್ನು ಗೋಲಿನ ಬಾಯಿಗೆ ಅಪ್ಪಳಿಸಿದ್ದ. ಅರಿಶಿನ ಬಳಿದ ಹೋಳುಗಳು ಗೆರೆಯ ಮೇಲೆ ಉರುಳಿದವು. ಹೊಸದುರ್ಗದವರು ಬರಿ ಕಾಯಿ ಒಡೆಯುವುದನ್ನು ಕಂಡಿದ್ದರು. ಅರಿಶಿನದ ಕಾಯಿ ಕಂಡಿರಲಿಲ್ಲ.

“ಮಾಟ ಮಾಡ್ಸವ್ರೆ!” ಎಂದು ಒಬ್ಬ ಕೂಗಿದ. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ಕಲ್ಲು, ಚಪ್ಪಲಿ ಬಿದ್ದವು. ರೆಫ್ರಿ ಹೊಳಲ್ಕೆರೆಯಿಂದ ಬಂದಿದ್ದ ಡ್ರಿಲ್ ಮೇಷ್ಟರು. ಹೋಳು ತೆಗೆಯಿರೆಂದರೆ ಒಬ್ಬನೂ ಮುಂದೆ ಬರಲಿಲ್ಲ. ಮೇಷ್ಟರು ತಾವೇ ಬಗ್ಗಿದರು, ಅರಿಶಿನ ನೋಡಿದರು, ಮನೆಯಲ್ಲಿರುವ ಹೆಂಡತಿ ಮಕ್ಕಳನ್ನು ನೆನೆದರು, ನೆಟ್ಟಗಾದರು. “ಆಡ್ರಿ ಸುಮ್ನೆ, ಅದೇನ್ ಕಚ್ಚಂಗಿಲ್ಲ” ಎಂದು ಸೀಟಿ ಊದಿಬಿಟ್ಟರು.

ಚಿತ್ರಲಿಂಗಪ್ಪ ಮಾತ್ರ ಒಡೆದ ಕಾಯಿಯನ್ನು ದಾಟಲಾರ, ತುಳಿಯಲಾರ. ಗೋಲಿನ ಅರ್ಧ ಅವನದು, ಉಳಿದರ್ಧ ಕಾಯಿಯದು. ಅವನು ಕಾಯದ ಅರ್ಧವನ್ನು ಕಾಯಿಯೂ ಕಾಯಲಿಲ್ಲ. ಸ್ವಲ್ಪ ಹೊತ್ತಿಗೆ ಹಿರಿಯೂರಿನವನೊಬ್ಬ ಒದ್ದ ಸೋಮಾರಿ ಚೆಂಡು ಸಂಜೆಯ ವಾಯುವಿಹಾರಕ್ಕೆ ಹೊರಟಂತೆ ಹೋಳುಗಳ ಪಕ್ಕದಲ್ಲೇ ಉರುಳಿಕೊಂಡು ಬಲೆ ಸೇರಿತು. ಚಿತ್ರಲಿಂಗಪ್ಪ ಒಂದು ಕಾಲೆತ್ತಿ ಹಾಗೇ ನಿಂತಿದ್ದ.

ಕಾಟಯ್ಯನಿಗೆ ಟವೆಲ್ ಮರೆತುಹೋಯಿತು, ಆಣೆ ಮರೆತುಹೋಯಿತು, ಮಗಳೂ ಮರೆತುಹೋದಳು. ಟವೆಲ್ ಬಿಚ್ಚಿ ಗಾಳಿಗೆ ಬೀಸುತ್ತ ಕುಣಿದ. ಸಂತೆಯ ಗಂಟಲು ತೆರೆಯಿತು.

“ಏನಲೇ ಗೋಲಿ! ನಿಮ್ಮಪ್ಪ ನಿನ್ನ ಏನ್ ಕಾಯಾಕೆ ಕಳ್ಸವ್ನಲೇ? ಬದನೇಕಾಯಿ ಹೊಲನಾ? ಹೋಗ್ಲೇ, ನಿಮ್ಮಪ್ಪನ್ನೂ ಕರ್ಕಂಬಾ, ಇಬ್ರೂ ಸೇರಿ ಅರ್ಧರ್ಧ ಕಾಯ್ರಿ!”

ಕರೆತರುವ ತೊಂದರೆಯಿರಲಿಲ್ಲ. ಶಾಮಿಯಾನದ ಕೆಳಗೆ ಮುಂದಿನ ಕುರ್ಚಿಯಲ್ಲಿ ದೊಡ್ಡತಿಮ್ಮಪ್ಪನವರು ಕೂತಿದ್ದರು. ಮಗ ಮೊದಲ ಸಲ ಗೋಲು ಕಾಯುವುದನ್ನು ನೋಡಲು ಹೊಲ ಬಿಟ್ಟು ಬಂದಿದ್ದರು. ಅವರು ಮೆಲ್ಲಗೆ ಕತ್ತು ತಿರುಗಿಸಿ ಕಾಟಯ್ಯನನ್ನು ಕಂಡರು. ಮೀಸೆ ಕೂಡ ಅಲುಗಲಿಲ್ಲ. ಗೋಲು ಹಿರಿಯೂರಿಗಾಯಿತು, ಗೋಳು ಕಾಟಯ್ಯನಿಗಾಯಿತು.

ಬಿಡುವಿನ ಹೊತ್ತಿನಲ್ಲಿ ಒಂದು ಬೀದಿನಾಯಿ ಬಂದು ಹೋಳೊಂದನ್ನು ಕಚ್ಚಿಕೊಂಡು ಓಡಿತು, ಇನ್ನೊಂದು ಹಿಂಬಾಲಿಸಿ ಉಳಿದದ್ದನ್ನು ಮುಗಿಸಿತು. ಆಮೇಲೆ ಯಾರಿಗೂ ಗೋಲು ಬರಲಿಲ್ಲ. ಹಿರಿಯೂರು ಗೆದ್ದಿತು. ಕಲ್ಲು ಬೀಳುವ ಮುಂಚೆ ಲಾರಿ ಹತ್ತಲು ಎಲ್ಲರೂ ಓಡಿದರು. ಕಾಟಯ್ಯ ಚೀಲ ಹಿಡಿದು ಬೀಗರ ಮನೆಯ ಕಡೆ ನಡೆದ. ದಾರಿಯಲ್ಲಿ ಕಾಯಿ ಕೊಳ್ಳೋಣವೆಂದರೆ ಅಂಗಡಿಯವರು ಅವನನ್ನು ಗುರುತು ಹಿಡಿದು ಬಾಗಿಲೆಳೆದರು.

“ಬರ್ರಿ ಬೀಗ್ರೇ, ಕುಂತ್ಕಳ್ರಿ” ಎಂದರು ದೊಡ್ಡತಿಮ್ಮಪ್ಪನವರು. ಆ ಮರ್ಯಾದೆ ಕಲ್ಲೇಟಿಗಿಂತ ಜೋರಾಗಿ ಬಿತ್ತು. “ಬದನೇಕಾಯಿ ಹೊಲದಿಂದ ಈಗ ಬಂದ್ವಿ.”

ಕಾಟಯ್ಯ ಚೀಲವನ್ನು ಮುಂದಿಟ್ಟ. ಬೀಗರು ಒಳಗೆ ಕೈಯಾಡಿಸಿದರು. ಅಕ್ಕಿ, ಅಡಿಕೆ, ರವಿಕೆ ಕಣ, ಬೆಲ್ಲದ ಪುಡಿ.

“ಕಾಯಿ ಎಲ್ರಿ?”

ಕಾಟಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ನನ್ ಸೊಸೆ ಮಡ್ಲಿಗೆ ಬೀಳ್ಬೇಕಾದ ಕಾಯಿ ನನ್ ಮಗನ ಕಾಲ್ ಕೆಳಗೆ ಬಿತ್ತು. ಈಗ ನಾಯಿ ಹೊಟ್ಟ್ಯಾಗೈತೆ. ಹೋಗ್ರಿ, ತಗಂಬರ್ರಿ. ಕಳಿಸ್ತೀವಿ.”

ಬಾಗಿಲಿಗೆ ಒರಗಿ ಸಿದ್ದಕ್ಕ ನಿಂತಿದ್ದಳು. ಅವಳ ಗಂಡ ಕೆಲಸದ ಮೇಲೆ ಭದ್ರಾವತಿಯಲ್ಲಿದ್ದ. “ಅಪ್ಪಾ, ನನ್ ಕರ್ಯಾಕೆ ಬಂದ್ಯೋ, ಕೂಗಾಕೆ ಬಂದ್ಯೋ?” ಎಂದಳು. “ನಿನ್ ದನಿ ಅಡಿಗೆ ಮನೇಗೂ ಕೇಳ್ಸ್ತು. ಮಾವನ್ನ ಬೈತಾ ಇದ್ದೆ. ನಮ್ಮತ್ತೆ ಒಗ್ಗರಣೆ ಹಾಕೋದು ಬಿಟ್ಟು ನನ್ ಮಖ ನೋಡಿದ್ರು. ನಾನೆಲ್ಲಿ ಬಚ್ಚಿಟ್ಕಳ್ಲಿ?”

ಕಾಟಯ್ಯ ಬಗ್ಗಿ ಬೀಗರ ಕಾಲಿಗೆ ಕೈ ಹಾಕಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ಕಾಲು ಬಿಡ್ರಿ. ಬರೋ ತಿಂಗಳು ನಿಮ್ಮೂರಾಗೆ ಮರುಪಂದ್ಯ ಐತಲ್ಲ? ನಾನು ಬರ್ತೀನಿ. ನನ್ ಪಕ್ಕದಾಗೆ ಕುರ್ಚಿ ಹಾಕ್ಸ್ಕಂಡು ಕುಂತ್ಕಳ್ರಿ. ನನ್ ಮಗ ಚೆಂಡು ಹಿಡಿದ್ರೆ ನೀವು ಕೂಗ್ಬೇಕು. ನಿಮ್ಮೋರ್ ಕೇಳಂಗೆ. ಅವತ್ತು ಸಿದ್ದಕ್ಕನ್ನ ನಾನೇ ಕರ್ಕಂಬಂದು ನಿಮ್ ಮನ್ಯಾಗೆ ಬಿಡ್ತೀನಿ. ಕಾಯಿ ಮಾತ್ರ ನಿಮ್ದು.”

ಕಾಟಯ್ಯ ಒಬ್ಬನೇ ಬಸ್ಸಿಗೆ ಊರಿಗೆ ಬಂದ. ಗಿರಿಯಮ್ಮ ಅವನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ಹೊಸಿಲಿನ ಆಚೆಗೆ ಚಾಪೆ ಎಸೆದಳು.

ಮರುಪಂದ್ಯದ ದಿನ ಹಿರಿಯೂರಿಗೆ ಹಿರಿಯೂರೇ ಸೇರಿತ್ತು. ಹೊಸದುರ್ಗದವರ ನಡುವೆ ದೊಡ್ಡತಿಮ್ಮಪ್ಪನವರು, ಅವರ ಎಡಕ್ಕೆ ಕಾಟಯ್ಯ. ಎದುರಿಗೆ ರಶೀದ್, ಓಬಳೇಶಪ್ಪ, ಇಷ್ಟು ವರ್ಷದ ಲಾರಿ ಗೆಳೆಯರು ಬಾಯಿಬಿಟ್ಟು ನೋಡುತ್ತಿದ್ದರು. ಚಿತ್ರಲಿಂಗಪ್ಪ ಮೊದಲ ಚೆಂಡನ್ನು ಎದೆಗೆ ಅವುಚಿಕೊಂಡ. ಕಾಟಯ್ಯ ಏನೋ ಗೊಣಗಿದ.

“ಕೇಳ್ಸಲಿಲ್ಲ ಬೀಗ್ರೇ. ಸಂತೆ ಗಂಟಲು ಎಲ್ಲಿ ಹೋಯ್ತು?”

ಕಾಟಯ್ಯ ಎದ್ದು ನಿಂತ. ಕಣ್ಣು ಮುಚ್ಚಿ, ಟಗರು ಹೊಗಳುವ ಅದೇ ದನಿಯಲ್ಲಿ ಕೂಗಿದ. “ಹಿಡಿದ ನೋಡ್ರಪ್ಪಾ ಹೊಸದುರ್ಗದ ಹುಲಿ!”

ಮೈದಾನಕ್ಕೆ ಮೈದಾನವೇ ಅವನತ್ತ ತಿರುಗಿತು. ಆಮೇಲೆ ಕಡಲೆಕಾಯಿ ಸಿಪ್ಪೆ, ಕಿತ್ತಳೆ ಸಿಪ್ಪೆ, ಬೈಗುಳ. “ಊರು ಮಾರ್ಕಂಡ ದಲ್ಲಾಳಿ!” ಎಂದು ಕೂಗಿದವನು ರಶೀದ್. “ಇನ್ಮ್ಯಾಲೆ ನನ್ ಲಾರಿಗೆ ಕಾಲಿಟ್ರೆ ಕುರಿ ಜೊತೆಗೇ ಕಟ್ ಹಾಕ್ತೀನಿ!” ಎಂದ. ಆಟ ಮುಗಿಯುವವರೆಗೂ ಕಾಟಯ್ಯ ಕೂಗಿದ. ಹೊಸದುರ್ಗ ಗೆದ್ದಿತು.

ಜನ ಕರಗುವಾಗ ಓಬಳೇಶಪ್ಪ ಹತ್ತಿರ ಬಂದು, ಕೈಯಲ್ಲಿದ್ದ ಕಾಯಿಯನ್ನು ಕಾಟಯ್ಯನ ಕಾಲ ಬಳಿ ಎಸೆದ. ಅಂದು ಎದುರಾಳಿಯ ಗೋಲಿನ ಮುಂದೆ ಒಡೆಯಲು ರೆಫ್ರಿ ಬಿಟ್ಟಿರಲಿಲ್ಲ.

“ತಗಾ, ನಿನ್ ಸಾಲ ತೀರ್ತು. ಇನ್ನೊಂದ್ಸಲ ನನ್ ಮುಂದೆ ನಿಂತ್ಕಬ್ಯಾಡ.”

ದೊಡ್ಡತಿಮ್ಮಪ್ಪನವರು ಕಾಯಿ ಎತ್ತಿ ಜುಟ್ಟು ಹಿಡಿದು ನೋಡಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. ನೀರಿತ್ತು.

“ಹೂಂ, ನಡೀರಿ” ಎಂದರು.

ಸಂಜೆ ಗಿರಿಯಮ್ಮ ಅದಕ್ಕೆ ಅರಿಶಿನ ಬಳಿದು, ಕುಂಟುತ್ತಲೇ ಬಂದು, ಬೀಗರು ಕರೆತಂದಿದ್ದ ಮಗಳ ಮಡಿಲಿಗೆ ಹಾಕಿದಳು. ಹೊರಗೆ ರಶೀದನ ಲಾರಿ ಹಾರ್ನ್ ಹೊಡೆಯದೆ ಹಾದುಹೋಯಿತು. ಬೀಗರಿಗೆ ಮೊದಲ ಎಲೆ ಹಾಕಿ ಕಾಟಯ್ಯ ಪಕ್ಕದಲ್ಲಿ ನಿಂತ. ಅವರು ಉಂಡು ಏಳುವವರೆಗೂ ನಿಂತೇ ಇದ್ದ. ಇನ್ನಷ್ಟು ಪಾಯಸ ಬಡಿಸಲೇ ಎಂದು ಕೇಳಬೇಕೆಂದಿದ್ದ. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿತ್ತು.